ಶುಕ್ರವಾರದ ನಕಲು

ಮೇ ಹದಿನೇಳಕ್ಕೆ ಕಂಪ್ಯೂಟರು ಸತ್ತಿತು.
ಸಾಯುವ ಮೊದಲು ಒಳಗೆಲ್ಲೋ ಟಕ್ ಟಕ್ ಅಂದಿತು,
ಹಲ್ಲಿ ಲೊಚಗುಟ್ಟಿತೆಂದು ನಾನು ನೆಲ ಮುಟ್ಟಿದೆ.

ರಾಯಚೂರು ಗಂಜಿನಲ್ಲಿ ಜಂಬಣ್ಣನ ಹತ್ತಿ ದಲಾಲಿ,
ಒಂದು ತಕ್ಕಡಿ, ಎರಡು ಟೇಬಲ್ಲು, ಲೆಕ್ಕಕ್ಕೆ ನಾನು.
ಪಕ್ಕದೂರಲ್ಲಿ ಕಲ್ಲಿದ್ದಲು ಸುಟ್ಟು
ನಾಡಿಗೆಲ್ಲ ಕರೆಂಟು ಕಳಿಸುತ್ತಾರೆ,
ನಮ್ಮ ಫ್ಯಾನು ಮಾತ್ರ ದಿನಕ್ಕೆ ನಾಲ್ಕು ಸಲ ನಿಲ್ಲುತ್ತದೆ.
ಹಾಗೆ ನಿಂತ ಒಂದು ಮಧ್ಯಾಹ್ನ
ಮೂರು ವರ್ಷದ ತೂಕದ ಚೀಟಿಗಳು
ಕಪ್ಪು ಪರದೆಯ ಹಿಂದೆ ಹೋಗಿ ಕೂತವು.

ಹನ್ನೊಂದು ಸಾವಿರ ಕೊಟ್ಟು ಎಂಟು ದಿನ ಕಾದ ಮೇಲೆ
ಹೈದರಾಬಾದಿನಿಂದ ಮುಕ್ಕಾಲು ಪಾಲು ವಾಪಸ್ ಬಂತು.
"ಕಾಲು ಪಾಲು ಎಲ್ಲಿ ಹೋತು?" ಅಂದ ಜಂಬಣ್ಣ,
ತೂಕದಲ್ಲಿ ಮೋಸಹೋದವನ ದನಿಯಲ್ಲಿ.

ಆಮೇಲೆ ಮೌನೇಶ ಬಂದ. ದೇವದುರ್ಗದ ಹುಡುಗ,
ಹೆಸರಿಗೆ ತಕ್ಕವನಲ್ಲ.
"ಮೂರು ಪ್ರತಿ ಬೇಕ್ರಿ ಅಕ್ಕೋರೆ,
ಅದ್ರಾಗ ಒಂದು ಈ ಚಾವಣಿ ಕೆಳಗ ಇರಬಾರ್ದು."
ಪೆನ್ ಡ್ರೈವು?
"ಕೀಲಿಕೈ ಗೊಂಚಲ ಸಂಗಾಟ ಕಳದುಹೋಗ್ತದ."
ಡಿವಿಡಿ? ಅವನು ನಕ್ಕ, ಮನಸ್ಸಿನಲ್ಲೇ ನನ್ನ ವಯಸ್ಸು ಎಣಿಸಿದ.
ಕ್ಲೌಡು ಅಂದರೇನೆಂದು ಕೇಳಿದ್ದಕ್ಕೆ ಮೋಡ ಅಂದ.
ಜಂಬಣ್ಣ ಹೊರಗಿಣುಕಿ ಆಕಾಶ ನೋಡಿದ.
"ರಾಯಚೂರ ಮ್ಯಾಲಿನ ಮೋಡ ನಂಬಿ
ಯಾರು ಉದ್ಧಾರ ಆಗ್ಯಾರ ತೋರ್ಸು."
"ಈ ಮೋಡಕ್ಕ ತಿಂಗಳಾ ಬಾಡಿಗಿ ಅದರಿ."
"ಹಂಗಾದ್ರ ನಂಬಬಹುದು. ಬಾಡಿಗಿ ಇಸ್ಕೊಳ್ಳಾಂವ ಓಡಿಹೋಗಂಗಿಲ್ಲ."

ಆದರೆ ನಮ್ಮ ಲೈನಿನಲ್ಲಿ ಒಂದೊಂದು ಫೈಲೂ
ಅಂಡಗಿ ಹೊತ್ತ ಹಮಾಲ ಮೆಟ್ಟಿಲೇರಿದ ಹಾಗೆ,
ನಡುವೆ ನಿಂತು ಉಸಿರು ಬಿಟ್ಟು.

ನನಗೆ ಮಹಬೂಬಣ್ಣನ ಕಾರ್ಬನ್ ಹಾಳೆ ನೆನಪಾಯಿತು.
ನಾನು ಸೇರಿದಾಗ ಅವನೇ ಮುನೀಮ.
ಬಿಳಿ ಚೀಟಿ ರೈತನಿಗೆ, ಗುಲಾಬಿ ಮಿಲ್ಲಿಗೆ, ಹಳದಿ ನಮಗೆ.
ಹಳದಿಯ ತನಕ ಅಕ್ಷರ ಇಳಿಯಲೆಂದು
ಮೈಭಾರವನ್ನೆಲ್ಲ ಪೆನ್ನಿನ ತುದಿಗೆ ತರುತ್ತಿದ್ದ.
ಓರೆಯಾಗಿ ಬಿಸಿಲು ಬಿದ್ದರೆ ಈಗಲೂ
ಟೇಬಲ್ಲಿನ ಕಟ್ಟಿಗೆಯ ಮೇಲೆ ಅವನ ಅಂಕಿಗಳಿವೆ,
ಯಾರೂ ಕೇಳದ ನಾಲ್ಕನೆಯ ಪ್ರತಿ.
"ನಕಲು ಅಂದ್ರ ಖೊಟ್ಟಿ ಅಲ್ಲಮ್ಮ," ಅನ್ನುತ್ತಿದ್ದ,
"ಅಸಲು ಸುಳ್ಳು ಹೇಳಿದಾಗ ಸಾಕ್ಷಿಗೆ ಬರೋದು ಅದೇ."

ಕಡೆಗೆ ಎರಡು ಹಾರ್ಡ್ ಡಿಸ್ಕು ಕೊಂಡೆವು.
ಒಂದಕ್ಕೆ ಕೆಂಪು ದಾರ, ಒಂದಕ್ಕೆ ಹಸಿರು,
ವಾರಕ್ಕೊಂದರ ಪಾಳಿ. ಖಾತೆ ಪುಸ್ತಕ ಮಾತ್ರ ಮೋಡಕ್ಕೆ.
"ಬ್ಯಾಡಾದ್ದು ಅಳಿಸ್ರಿ, ಜಾಗಕ್ಕ ರೊಕ್ಕ."
ಅಳಿಸುತ್ತ ಕೂತೆ: ಶುಭೋದಯದ ಗುಲಾಬಿಗಳು,
ಜಂಬಣ್ಣನ ಮಗಳ ಲಗ್ನಪತ್ರಿಕೆಯ ಆರು ಕರಡು,
ಯಾರದೋ ಆಧಾರ್ ಕಾರ್ಡು, ಅರ್ಧ ಮುಖ.
ಆಗ ಸಿಕ್ಕಿತು 'ಚಾ'.
ಅಷ್ಟೇ ಹೆಸರು.

ಮಹಬೂಬಣ್ಣ ಇಳಿವಯಸ್ಸಿನಲ್ಲಿ ಕೀಬೋರ್ಡು ಕಲಿತು
ಒಂದೇ ಬೆರಳಲ್ಲಿ ಬರೆದ ಹಮಾಲರ ಚಹದ ಲೆಕ್ಕ.
ಸೋಮವಾರ ಹದಿನೇಳು. ಮಂಗಳವಾರ ಹದಿನೇಳು.
ಬುಧವಾರ ಹದಿನಾರು, ಹನುಮಂತಿ ಹೆರಿಗೆಗೆ ಹೋದಳು.
ಮುಂದಿನ ಬುಧವಾರ ಹದಿನಾರು, ಮತ್ತು ಪೇಢೆ.
ಮೋದಿನಸಾಬಗೆ ಇಂದಿನಿಂದ ಸಕ್ಕರೆ ಇಲ್ಲದ್ದು.
ಮಳೆ, ತೂಕ ಇಲ್ಲ, ಆದರೂ ಹನ್ನೆರಡು.
ಕೊನೆಗೆ: ಶನಿವಾರ ಹದಿನೆಂಟು. ಹೊಸಬ ಒಬ್ಬ, ಹೆಸರು ಕೇಳಬೇಕು.
ಸೋಮವಾರದ ಸಾಲಿಲ್ಲ.

"ಎಷ್ಟು ಜಾಗ ತಿಂತದ ಇದು?" ಜಂಬಣ್ಣ ಬೆನ್ನ ಹಿಂದೆ ನಿಂತಿದ್ದ.
"ಒಂದು ಫೋಟೋದ ನೂರರಲ್ಲೊಂದು ಪಾಲು."
ಕನ್ನಡಕ ತೆಗೆದ, ಒರೆಸಿದ, ಹಾಕಲಿಲ್ಲ.
"ಮೂರೂ ಕಡಿ ಹಾಕು."

ಈಗ ಶುಕ್ರವಾರ ಸಂಜೆ ಡಿಸ್ಕನ್ನು ಅರಳೆಯಲ್ಲಿ ಸುತ್ತಿ
(ನಮ್ಮಲ್ಲಿ ಅದಕ್ಕೇನು ಬರ?)
ಬುತ್ತಿ ಚೀಲದಲ್ಲಿಟ್ಟು ಆಶಾಪುರ ರಸ್ತೆಯ ಮನೆಗೆ ಒಯ್ಯುತ್ತೇನೆ.
ಟ್ರಂಕಿನಲ್ಲಿ ಕಂಬಳಿಯ ಕೆಳಗೆ ಅದರ ಜಾಗ.
ಇಟ್ಟದ್ದು ತೆಗೆಯಲು ಬಾರದಿದ್ದರೆ ಇಟ್ಟ ಹಾಗಲ್ಲ ಎಂದು ಮೌನೇಶ ಹೇಳಿದ್ದಾನೆ,
ಅದಕ್ಕೆ ತಿಂಗಳಿಗೊಮ್ಮೆ ಒಂದು ಫೈಲು ತೆರೆದು ಪರೀಕ್ಷೆ.
ಯಾವುದು ತೆರೆಯುತ್ತೇನೆಂದು ಯಾರೂ ಕೇಳುವುದಿಲ್ಲ.

ಹೋದ ವಾರ ಕೆಳಗೊಂದು ಸಾಲು ಸೇರಿಸಿದೆ:
ಹೊಸಬನ ಹೆಸರು ತಾಯಪ್ಪ.
ಚಾ ಬಿಟ್ಟಿದ್ದಾನಂತೆ.