ಪುಟ ಇನ್ನೂರ ಹದಿನಾಲ್ಕು

ತೀನ್ ಕಂದೀಲಿನ ರದ್ದಿ ಬಂಡಿಯಲ್ಲಿ ಸಿಕ್ಕ ಕಾದಂಬರಿ.
ರಟ್ಟಿನ ಮೇಲೆ ಕಣ್ಣಿಗೆ ಪೆಟ್ಟಿಗೆ ಕಟ್ಟಿಕೊಂಡ ಹುಡುಗ,
ಅವನ ಬೆನ್ನ ಹಿಂದೆ ಉರಿಯುವ ಊರು.
ನಲವತ್ತು ಅಂದ ಖಾಸಿಂ ಪೀರ.
ಸುಟ್ಟ ಊರಿಗೆ ಅಷ್ಟ್ಯಾಕೋ ಅಂದೆ.
ಮೂವತ್ತಕ್ಕೆ ಕೊಟ್ಟ.

ರಾತ್ರಿ ಪಾಳಿ, ಶಕ್ತಿನಗರ.
ಕಲ್ಲಿದ್ದಲು ಫೀಡರಿನ ಪಕ್ಕದ ತಗಡಿನ ಕೋಣೆ.
ಹೆಲ್ಮೆಟ್ಟು ಬೋರಲು ಹಾಕಿ, ಅದಕ್ಕೆ ಪುಸ್ತಕ ಆನಿಸಿ
ಓದುತ್ತೇನೆ.
ತಿರುವಿದ ಪುಟಕ್ಕೆಲ್ಲ ನನ್ನ ಕರಿ ಹೆಬ್ಬೆಟ್ಟು.
ಪಗಾರದ ಪಟ್ಟಿಗೂ ಇಷ್ಟು ಸಲ ಒತ್ತಿದವನಲ್ಲ.

ಆ ಊರಲ್ಲಿ ಯಾರೂ ಹೊಸ್ತಿಲು ದಾಟುವುದಿಲ್ಲ.
ಹೊರಗೆ ಉಸಿರಾಡಲು ಏನೂ ಉಳಿದಿಲ್ಲ,
ಅದಕ್ಕೇ ಎಲ್ಲರೂ ಪೆಟ್ಟಿಗೆ ಕಟ್ಟಿಕೊಂಡು ಆಟದೊಳಗೆ.
ಅಲ್ಲೇ ಸಾಲಿ, ಅಲ್ಲೇ ಸಂತೆ, ಅಲ್ಲೇ ಲಗ್ನ.
ಸತ್ತರೆ ಇನ್ನೊಂದು ಜೀವ ಕೊಳ್ಳಬಹುದು,
ಕಂತಿನ ಮೇಲೆ.
ಹುಡುಗನ ಹೆಸರು ವಿಹಂಗ.
ಆಟದೊಳಗೆ ಮಾತ್ರ ಅವನಿಗೆ ಕಾಲುಗಳಿವೆ.

ಅವರ ಕೈಗವಸು ತೊಟ್ಟರೆ
ಇಲ್ಲದ ಮಳೆಯ ಒದ್ದೆ ತಿಳಿಯುತ್ತದಂತೆ.
ನನ್ನದು ತೊಟ್ಟರೆ ಏನೂ ತಿಳಿಯುವುದಿಲ್ಲ,
ಕೊಟ್ಟಿರುವುದೇ ಅದಕ್ಕೆ.

ಮೂರನೇ ಅಧ್ಯಾಯಕ್ಕೆ ಹೆದರಿಕೆಯಾಗಿ ಮುಚ್ಚಿಟ್ಟಿದ್ದೆ.
ಮನೆಯಲ್ಲಿ ಉರುಕುಂದಿ, ತಂಗಿಯ ಮಗ,
ಚಾದರದೊಳಗೆ ನೀಲಿ ಬೆಳಕಿನ ಡೇರೆ ಹಾಕಿಕೊಂಡು
ಯಾರನ್ನೋ ಸುಡುತ್ತಿರುತ್ತಾನೆ:
“ಲಾಸ್ಟ್ ರೌಂಡ್ ಮಾಮಾ, ದೇವರಾಣಿ ಲಾಸ್ಟ್.”

ನೂರು ಪುಟ ದಾಟಿದ ಮೇಲೆ
ನನಗೊಂದು ತಕರಾರು ಹುಟ್ಟಿತು.
ಇಷ್ಟು ಪೆಟ್ಟಿಗೆ, ಇಷ್ಟು ಆಕಾಶ, ಇಷ್ಟು ಕತ್ತಿಕಾಳಗ,
ಕರೆಂಟು ಯಾರಪ್ಪನದು?
ಹುಡುಕಿದೆ.
ಕಂಪನಿ ಒಡೆಯನ ಹೆಂಡತಿಯ ನಾಯಿಗೆ ಹೆಸರುಂಟು.
ಬಾಯ್ಲರಿನ ಮುಂದೆ ನಿಂತವನಿಗೆ ಇಲ್ಲ,
ಬಾಯ್ಲರೇ ಇಲ್ಲ.

ತಾಯಪ್ಪ ಎಲೆಗೆ ಸುಣ್ಣ ಸವರುತ್ತ ಅಂದ:
“ಸೋಲಾರ್ ಇರಬೇಕು ಬಿಡ್ರಿ.”
ಸೂರ್ಯ ಕಾಣದ ಊರು ಅಂತ ಮೊದಲ ಸಾಲಲ್ಲೇ ಅದ ತಾಯಪ್ಪ.
“ಹಂಗಾರ ನಾವs ಇರಬೇಕು.”

ಮೂರು ಹತ್ತಕ್ಕೆ ಸಿ ಮಿಲ್ಲು ಕೆಮ್ಮಿತು.
ಎಲ್ಲೋ ದಾರಿಯಲ್ಲಿ ನೆನೆದು ಬಂದ ವ್ಯಾಗನ್ನಿನ ಕಲ್ಲಿದ್ದಲು
ಅಂಟಂಟಾಗಿ, ಹಳಸಿದ ಮುದ್ದೆಯ ಹಾಗೆ
ಫೀಡರಿನ ಗಂಟಲಿಗೆ ಸಿಕ್ಕಿತ್ತು.
ಫೋನು ಹೊಡೆದುಕೊಳ್ಳುತ್ತಿತ್ತು, ಎತ್ತುವವರಿಲ್ಲ.
ತಾಯಪ್ಪ ಸಲಾಕೆ ಹಾಕಿದ, ನಾನು ಸುತ್ತಿಗೆ,
ಬಡಿದೆವು,
ತಗಡಿನ ಹೊಟ್ಟೆಗೆ, ಅದರ ಪಕ್ಕೆಗೆ, ಅದರ ತಾಯಿಗೆ ಬೈಯುತ್ತ.
ನಾಲ್ಕು ನಿಮಿಷ.
ಆಮೇಲೆ ದಡದಡ ಇಳಿಯಿತು,
ಮುಖದ ತುಂಬ ಕಪ್ಪು,
ಹಲ್ಲು ಮಾತ್ರ ಮನುಷ್ಯರದು.

ಕೂತು ಮತ್ತೆ ಪುಸ್ತಕ ಬಿಚ್ಚಿದೆ.
ಪುಟ ಇನ್ನೂರ ಹದಿನಾಲ್ಕು:
“ವಿಹಂಗ ಅವಳ ಕಡೆ ಕೈ ಚಾಚಿದಾಗ
ಆಕಾಶ ಒಮ್ಮೆ ಮಿಣುಕಿತು. ಯಾರೂ ಗಮನಿಸಲಿಲ್ಲ.”

ಅಷ್ಟೇ. ಮುಂದಿನ ಸಾಲಲ್ಲಿ ಅವರು ಮುತ್ತಿಡುತ್ತಿದ್ದಾರೆ.

ನಾನು ಎದ್ದು ನಿಂತಿದ್ದೆ.
ತಾಯಪ್ಪನನ್ನು ಕರೆದು ಬೆರಳಿಟ್ಟು ತೋರಿಸಿದೆ.
ಅಕ್ಷರ ಅಕ್ಷರ ಕೂಡಿಸಿ, ಎರಡು ಸಲ ಓದಿ,
“ಯಾವ ಮಿಲ್ಲು ಅಂತ ಬರೆದಿಲ್ಲಲ್ಲ” ಅಂದ.
ಲಾಗ್ ಪುಸ್ತಕದ ಪೆನ್ಸಿಲ್ಲಿನಿಂದ
ಅಂಚಿನಲ್ಲಿ ಸಣ್ಣಗೆ ಬರೆದೆ:
ಸಿ ಮಿಲ್ಲು. ಒದ್ದೆ ಕಲ್ಲಿದ್ದಲು. ನಾಲ್ಕು ನಿಮಿಷ.
ಸಹಿ ಹಾಕಲು ಹೋಗಿ ಬಿಟ್ಟೆ,
ಹೆಬ್ಬೆಟ್ಟು ಹೇಗೂ ಇತ್ತು.

ಬೆಳಗಿಗೆ ಕೃಷ್ಣೆಯ ಮೇಲೆ ಹಾರುಬೂದಿಯ ತೆಳು ಪೊರೆ,
ಅದರ ಕೆಳಗೆ ನೀರು ತನ್ನ ಪಾಡಿಗೆ.
ಇನ್ನು ತೊಂಬತ್ತು ಪುಟ ಇವೆ.
ವಿಹಂಗ ಕಂಪನಿಯನ್ನು ಕೆಡವುತ್ತಾನೋ,
ಕೊಂಡುಕೊಳ್ಳುತ್ತಾನೋ,
ನನಗೀಗ ಅಂಥ ಅವಸರವಿಲ್ಲ.

ಮನೆಯಲ್ಲಿ ಉರುಕುಂದಿ ಬಾಗಿಲಲ್ಲೇ ಕೂತಿದ್ದ,
ಕಣ್ಣು ಬಾತು, ಫೋನು ಚಾರ್ಜಿಗೆ.
“ಗೆಲ್ಲೋದೇ ಇತ್ತು ಮಾಮಾ.
ಮೂರು ಗಂಟೆ ಸುಮಾರು ಒಮ್ಮೆ ಮಿಣುಕ್ ಅಂತು,
ಸತ್ತುಬಿಟ್ಟೆ.”

ಗೊತ್ತು ಅಂದೆ.
ಬಕೆಟ್ಟಿಗೆ ನೀರು ಬಿಡು.