ಆ ರಾತ್ರಿ ಇಲ್ಲಿ ಮಲಗಿದವರು

ನಮ್ಮಜ್ಜ ಲೆಬ್ರೆಖ್ಟ್ ಎಮ್ಡೆ, ಶಾಲೆಯ ಮೇಷ್ಟ್ರು,
ಸಾವಿರದ ಒಂಬೈನೂರ ಹತ್ತು, ಡಿಸೆಂಬರ್ ಒಂದು,
ಬೂಟಿನೊಳಗೆ ಒಣಹುಲ್ಲು ತುರುಕಿಕೊಂಡು
ಏಡರ್ ಹೊಳೆಯ ದಂಡೆಗುಂಟ
ತಲೆ ಎಣಿಸಲು ಹೋದ.

ವಾಲ್ಡೆಕ್ ಆಗ ಒಂದು ದೇಶ.
ನಕ್ಷೆಯ ಮೇಲೆ ಹೆಬ್ಬೆರಳಿಟ್ಟರೆ
ಅರಮನೆ, ಬೀಚ್ ಕಾಡು, ಸ್ಲೇಟಿನ ಚಾವಣಿ
ಎಲ್ಲ ಉಗುರಿನಡಿ.
ಆಳುವ ತಲೆನೋವು ಪ್ರಷ್ಯಾಕ್ಕೆ,
ಬಿರುದು ಮಾತ್ರ ದೊರೆಗೆ.
ಅದಕ್ಕೂ ಹಿಂದೆ ಇನ್ನೊಬ್ಬ ದೊರೆ
ಹುಡುಗರನ್ನು ಪಲ್ಟಣ ಕಟ್ಟಿ
ಇಂಗ್ಲೆಂಡಿಗೆ ಬಾಡಿಗೆಗೆ ಕೊಟ್ಟಿದ್ದ;
ಅಮೆರಿಕದ ಜೌಗಿನಲ್ಲಿ ಜ್ವರ ಬಂದು ಸತ್ತರೆ
ತಲೆಗಿಷ್ಟು ಅಂತ ದರ.
ಎಣಿಸುವವನನ್ನು ಕಂಡರೆ ಇನ್ನೂ
ಮಕ್ಕಳನ್ನು ಒಲೆಯ ಹಿಂದೆ ಅಡಗಿಸುತ್ತಾರೆ
ಎಂದು ನಗುತ್ತಿದ್ದ ಅಜ್ಜ.

ನಿಯಮ ಒಂದೇ. ನಡುರಾತ್ರಿ ಹನ್ನೆರಡಕ್ಕೆ
ಈ ಸೂರಿನಡಿ ಉಸಿರಾಡುತ್ತಿದ್ದವರು ಯಾರು?
ಹೆಸರು, ವಯಸ್ಸು, ಮತ, ಕಸುಬು.
ಸಾಣೆ ಹಿಡಿಯಲು ಬಂದು ಹಿಮಕ್ಕೆ ಸಿಕ್ಕಿಬಿದ್ದವನು ಲೆಕ್ಕಕ್ಕುಂಟು.
ರೂರ್ ಗಣಿಗೆ ಹೋದ ಮಗ ಇಲ್ಲ.
ಸೊಸೆಯ ಹೊಟ್ಟೆಯಲ್ಲಿ ಒದೆಯುತ್ತಿದ್ದದ್ದು
ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಕೊನೆಯ ಮನೆಯಲ್ಲಿ ಮುದುಕಿ ಫಿಲಿಪ್ಪೀನೆ
ರಾತ್ರಿಯೇ ಹೋಗಿಬಿಟ್ಟಿದ್ದಳು.
ಉಸಿರು ನಿಂತ ಗಳಿಗೆಗೆ ಗಡಿಯಾರ ನಿಲ್ಲಿಸುವುದು ಪದ್ಧತಿ;
ಮುಳ್ಳು ನಿಂತಿತ್ತು,
ಹನ್ನೆರಡಕ್ಕೆ ಹತ್ತು ನಿಮಿಷ ಬಾಕಿ.
ಅಜ್ಜ ಲೇಖನಿ ಎತ್ತಿದವನು ಹಾಗೇ ತಡೆದು
ಗಂಡನನ್ನು ಕೇಳಿದ:
"ನಿಮ್ಮ ಗಡಿಯಾರ ಹಿಂದೆ ಓಡುತ್ತದಲ್ಲವೇ?"
ಮುದುಕ ಗೋಡೆ ನೋಡಿದ, ಹಾಸಿಗೆ ನೋಡಿದ.
"ಹೌದು," ಅಂದ, "ಕಾಲು ಗಂಟೆ."

ಇಡೀ ದೇಶ ಕೂಡಿದಾಗ
ಅರವತ್ತೊಂದು ಸಾವಿರ, ಮೇಲೆ ಚಿಲ್ಲರೆ.
ಆ ಚಿಲ್ಲರೆಯಲ್ಲಿ ಒಂದು, ಫಿಲಿಪ್ಪೀನೆ.

ನಾಲ್ಕು ವರ್ಷಕ್ಕೆ ಅಣೆಕಟ್ಟಿನ ನೀರು ಬಂತು.
ಮಳೆ ಕೈಕೊಟ್ಟ ವರ್ಷ ಈಗಲೂ
ಕಲ್ಲಿನ ಸೇತುವೆ ಬೆನ್ನು ತೋರಿಸುತ್ತದೆ;
ಭಾನುವಾರ ಜನ ಐಸ್‌ಕ್ರೀಮ್ ಹಿಡಿದು
ಅದರ ಮೇಲೆ ನಡೆದು ವಾಪಸ್ ಬರುತ್ತಾರೆ.

ಇಪ್ಪತ್ತೊಂಬತ್ತರ ಏಪ್ರಿಲ್ ಒಂದಕ್ಕೆ
ದೇಶವೇ ಪ್ರಷ್ಯಾಕ್ಕೆ ಸೇರಿತು.
ತಾರೀಕು ಕೇಳಿ ತಮಾಷೆ ಅಂದುಕೊಂಡನಂತೆ ಬೇಕರಿಯವನು.

ಆಮೇಲೆ ಬೇರೆಯವರು ಬಂದರು
ಅಂಥದೇ ಪಟ್ಟಿ ಹಿಡಿದು.
ಮತದ ಕಾಲಮ್ಮೊಂದೇ ಓದಿಕೊಂಡು
ದನದ ವ್ಯಾಪಾರಿ ಸಾಲಿ ಲೆಬೆನ್‌ಬಾಹ್‌ನ ಬಾಗಿಲು ತಟ್ಟಿದರು.
ಐದು ಜನ.
ಅಜ್ಜ ತನ್ನ ಹಳೆಯ ಲೇಖನಿಯನ್ನು
ಮತ್ತೆ ಮುಟ್ಟಲಿಲ್ಲ.
ಬಾಗಿಲನ್ನೂ ತೆರೆಯಲಿಲ್ಲ, ಅದನ್ನೂ ಹೇಳಬೇಕು.

ಯುದ್ಧ ಮುಗಿದು, ಬೊಹೇಮಿಯಾದಿಂದ, ಸೈಲೀಷಿಯಾದಿಂದ
ಗಂಟುಮೂಟೆ ಹೊತ್ತವರು ಇಳಿದರು.
ಹೆಸರು ಅಳಿದ ನಾಡಿನಲ್ಲಿ ಜನ ಹೆಚ್ಚಿದರು.
ನಮ್ಮ ಅಟ್ಟಕ್ಕೆ ಬಂದವನನ್ನೇ ನಾನು ಮದುವೆಯಾದೆ;
ಅವನ ಬಾಯಲ್ಲಿ ಆಲೂಗಡ್ಡೆಗೆ ಬೇರೆಯೇ ಹೆಸರು.

ನನಗೆ ಕೆಲಸ ಸಿಕ್ಕಿದ್ದು ಆರೋಲ್ಸೆನ್ನಿನಲ್ಲಿ,
ದೊರೆಯ ಪುಟ್ಟ ರಾಜಧಾನಿಯಲ್ಲಿ.
ಹಿಟ್ಲರನ ಕಾಲದಲ್ಲಿ ಕಾಣೆಯಾದವರ ಕಾರ್ಡುಗಳು,
ಶಿಬಿರದವು, ರೈಲಿನವು, ಆಸ್ಪತ್ರೆಯವು,
ಒಂದೇ ಹೆಸರಿಗೆ ನೂರು ಕಾಗುಣಿತ.
ಅರವತ್ತು ಸಾವಿರದ ನಾಡಿನ ಕಪಾಟುಗಳಲ್ಲಿ
ಒಂದೂಮುಕ್ಕಾಲು ಕೋಟಿ ಜನ.

ಮೂವತ್ತು ವರ್ಷ ಮರದ ಡ್ರಾಯರು ಎಳೆದೆ.
ಲೆಬೆನ್‌ಬಾಹ್ ಸಿಕ್ಕಿದ್ದು ಒಂದು ಶುಕ್ರವಾರ,
ಊಟದ ಗಂಟೆಗೆ ಸ್ವಲ್ಪ ಮುಂಚೆ.
ಹೆಸರು, ವಯಸ್ಸು, ಕಸುಬು.
ಹೊರಟ ದಿನ ಇತ್ತು,
ಸತ್ತ ದಿನ ಖಾಲಿ.

ಆ ಖಾಲಿ ಗೆರೆಯೆದುರು ಕೂತು
ಅಜ್ಜನ ಹಾಗೆ ಕೇಳೋಣವೆನಿಸಿತು:
ನಿಮ್ಮ ಗಡಿಯಾರ ಹಿಂದೆ ಓಡುತ್ತದಲ್ಲವೇ?

ಹೌದು ಅನ್ನಲು
ಆ ಮನೆಯಲ್ಲಿ ಒಬ್ಬರಾದರೂ ಉಳಿದಿರಬೇಕಿತ್ತು.