ಬಿಸಿ ಎಷ್ಟು ಹೊತ್ತು

ಮೇ ತಿಂಗಳ ರಾಯಚೂರಿನಲ್ಲಿ ಸೂರ್ಯನ ಬಗ್ಗೆ
ಯಾರಿಗೂ ಪಾಠ ಹೇಳಬೇಕಿಲ್ಲ.
ಆದರೂ ಹೇಳಿದೆ, ಎರಡನೇ ಪೀರಿಯಡ್ಡಿಗೆ,
ಹನ್ನೊಂದು ಹುಡುಗರಿಗೆ, ಒಂದು ನಿಂತ ಫ್ಯಾನಿಗೆ:
ಬಳೆಯಾಕಾರದ ಕೊಳವೆ, ಒಳಗೆ ಹತ್ತು ಕೋಟಿ ಡಿಗ್ರಿ,
ಹಿಡಿದಿಡುವುದು ಗೋಡೆಯಲ್ಲ, ಕಾಂತದ ಕೈ.
ಕಾಯಿಸುವ ಶಕ್ತಿ ನಾಲ್ಕು ಪಟ್ಟು ಮಾಡಿ,
ಒಳಗೆ ನಿಲ್ಲುವ ಬಿಸಿ ಎರಡೇ ಪಟ್ಟು.
ಉಳಿದದ್ದು?
ಹಿಂದಿನ ಬೆಂಚು ಹೇಳಿತು: ಸೋರಿತು ಮೇಡಂ.
ಬೋರ್ಡಿನ ತುಂಬ ಬರೆದ ಸೂತ್ರ
ಅಲ್ಲಿಗೆ ಮುಗಿಯಿತು.

ಸಂಜೆ ಹುಸೇನಮ್ಮನ ಮಂಡಾಳ ಬಟ್ಟಿ.
ತಮ್ಮ ಲಾಲಪ್ಪ ಭತ್ತದ ಹೊಟ್ಟು ತುರುಕುತ್ತಿದ್ದ
ಒಲೆಯ ಬಾಯಿಗೆ, ಬುಟ್ಟಿ ಮೇಲೆ ಬುಟ್ಟಿ.
"ಸುಮ್ಮ ಸುಮ್ಮನ ಹಾಕಬ್ಯಾಡಲೇ,
ಹೆಚ್ಚು ಹಾಕಿದ್ರ ಹೆಚ್ಚು ಹೊಗೆಗಂಡಿಗೆ ಹೋಗ್ತದ."
ದೊಡ್ಡ ದೊಡ್ಡ ಯಂತ್ರಗಳು ಅಳೆದು ಅಳೆದು
ಒಪ್ಪಿಕೊಂಡ ಮಾತನ್ನು
ಮಸಿ ಹಿಡಿದ ಸೆರಗು ಕೊಡವುತ್ತ ಅಂದಳು.

ಪೂರ್ತಿ ಅದೇ ಅಲ್ಲ, ಗೊತ್ತು.
ಅವಳ ಬಿಸಿಗೆ ಮಣ್ಣಿನ ಗೋಡೆಯಿದೆ, ಮರಳಿದೆ.
ನನ್ನದರಲ್ಲಿ ಬರೀ ಸುಳಿ:
ಕಾಯಿಸಿದಷ್ಟೂ ಕಲಕುತ್ತದೆ, ಕಲಕಿದಷ್ಟೂ ಅಂಚಿಗೆ ಓಡುತ್ತದೆ,
ಕಾಯಿಸುವ ಕೈಯೇ ಅಗುಳಿ ತೆಗೆಯುತ್ತದೆ.

ಆದರೆ ಒಂದುಂಟು, ಹುಸೇನಮ್ಮಾ, ಇದು ಕೇಳು.
ಇನ್ನೂ ಕಾಯಿಸುತ್ತ ಹೋದರೆ
ಒಂದು ಮಿತಿ ದಾಟಿದ ಗಳಿಗೆ
ಅಂಚಿನಲ್ಲಿ ತಾನೇ ಒಂದು ಒಡ್ಡು ಏಳುತ್ತದೆ.
ಕಾಲುವೆಯ ಮೇಲ್ಮಗ್ಗುಲಿನವರು
ರಾತ್ರೋರಾತ್ರಿ ಹಾಕಿದ ಒಡ್ಡಲ್ಲ, ಯಾರೂ ಹಾಕಿದ್ದಲ್ಲ.
ಸುಳಿಗಳು ಅಲ್ಲಿ ಸೀಳಿ ಚಿಂದಿಯಾಗುತ್ತವೆ,
ಬಿಸಿ ದುಪ್ಪಟ್ಟು ಹೊತ್ತು ನಿಲ್ಲುತ್ತದೆ.
ಯಾಕೆ ಅಂತ ಪೂರ್ತಿ ಗೊತ್ತಿಲ್ಲ.
ಆ ಒಡ್ಡೂ ಆಗಾಗ ಒಡೆದು ಉಗುಳುತ್ತದೆ,
ಅದು ಬೇರೆ ಮಾತು.

ಅವಳು ಜರಡಿ ನಿಲ್ಲಿಸಲಿಲ್ಲ.
"ಎಷ್ಟು ಹೊತ್ತು ನಿಲ್ತದ್ರಿ?
ರಾತ್ರಿ ಹತ್ತಕ್ಕ ಬೆಂಕಿ ಆರಿಸಿದ್ರ ನಮ್ದು
ಬೆಳಗಿನ ಆಜಾನ್ ತನಕ ಬೆಚ್ಚಗಿರ್ತದ.
ಒಲಿ ಬೆನ್ನಿಗೆ ಬೆಕ್ಕು ಮರಿ ಹಾಕ್ಯದ, ನೋಡ್ರಿ."

ನೋಡಿದೆ. ಮೂರು ಮರಿ, ಒಂದಕ್ಕೆ ಕಣ್ಣು ಬಂದಿಲ್ಲ.
"ನಮ್ಮದು ಒಂದು ಸೆಕೆಂಡು," ಅಂದೆ,
"ಅದೂ ಭಾರೀ ಯಂತ್ರದಲ್ಲಿ."
ಅವಳು ನಗಲಿಲ್ಲ. ಕಾದ ಮರಳಿಗೆ
ಒಂದು ಹಿಡಿ ಅಕ್ಕಿ ಎಸೆದಳು.
ಉಸಿರು ಬಿಡುವುದರೊಳಗೆ ಬಾಣಲೆ ತುಂಬ ಬಿಳುಪು.

"ಇದಕ್ಕ ಅಷ್ಟೂ ಬೇಕಾಗಲ್ರಿ,"
ಅಂದು ಅಳತೆಗಿಂತ ಒಂದು ಬೊಗಸೆ ಹೆಚ್ಚು ಸುರಿದಳು,
ಚಿಲ್ಲರೆ ಮಾತ್ರ ಇಲ್ಲ ಅಂದಳು.